ಗಸಗಸೆಯ ನಾಡಿನಲ್ಲಿ ಮೂಳೆಯ ನೋವು

ನಮ್ಮ ಬಡೀ ಖಾಲಾ ತೀರಿಕೊಂಡದ್ದು 1997ರ ಮಳೆಗಾಲದಲ್ಲಿ. ಅಮ್ಮಿಯ ದೊಡ್ಡಕ್ಕ ಅವರು. ನಾವಾಗ ಪಿಯುಸಿ ಓದುತ್ತಿದ್ದೆವು. ಅದಕ್ಕೆ ಎರಡು ವರ್ಷ ಮೊದಲು ಅವರ ಎಡ ಸ್ತನದ ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆದಿದ್ದರು. ಎಲ್ಲ ಸರಿಹೋಯಿತೆಂದು ನೆರೆಹೊರೆಗೆ ಸಿಹಿ ಹಂಚಿದ್ದೂ ಆಗಿತ್ತು. ಆಮೇಲೆ ಸೊಂಟನೋವು ಶುರುವಾಯಿತು. ಕೆಲವರು ಉಳುಕು ಎಂದರು, ಕೆಲವರು ವಾಯು ಎಂದರು. ಎಣ್ಣೆ ಕಾಯಿಸಿ ತಿಕ್ಕಿದರು, ಮರಳು ಹುರಿದು ಶಾಖ ಕೊಟ್ಟರು. ನೋವು ಸೊಂಟದಿಂದ ಪಕ್ಕೆಲುಬಿಗೆ, ಪಕ್ಕೆಲುಬಿನಿಂದ ತೊಡೆಗೆ ಇಳಿಯಿತು. ರಾತ್ರಿಯಾದರೆ ಹೆಚ್ಚು. ಮೊದಲು ರುಕೂ ಮಾಡುವಾಗ ಬಾಗಲಾಗುತ್ತಿಲ್ಲ ಎಂದರು, ಆಮೇಲೆ ಕುಳಿತು ನಮಾಜು ಮಾಡಿದರು, ಕೊನೆಗೆ ಮಲಗಿದಲ್ಲಿಯೇ ಕಣ್ಣಿನ ಸನ್ನೆಯಲ್ಲಿ. ಹೇಗಿದೆ ನೋವು ಎಂದು ಕೇಳಿದರೆ ಒಂದೇ ಮಾತು: ‘ಹಡ್ಡಿಯಾಂ ಕು ದೀಮಕ್ ಲಗ್ಗಯೀ ಬೇಟಾ.’ ಮೂಳೆಗಳಿಗೆ ಗೆದ್ದಲು ಹತ್ತಿದೆ ಮಗಾ, ಎಂದು.

ದೊಡ್ಡ ಊರಿನ ಆಸ್ಪತ್ರೆಗೆ ಕರೆದೊಯ್ದರು. ಕ್ಯಾನ್ಸರ್ ಮೂಳೆಗಳಿಗೆ ಹರಡಿದೆ, ಇನ್ನು ಮಾಡುವುದೇನಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು. ಹೊರಡುವಾಗ ಕಿರಿಯ ವೈದ್ಯರೊಬ್ಬರು ಚೀಟಿಯಲ್ಲಿ ಒಂದು ಮಾತ್ರೆಯ ಹೆಸರು ಬರೆದುಕೊಟ್ಟರು: ಮಾರ್ಫಿನ್. ಅದು ಆ ಆಸ್ಪತ್ರೆಯಲ್ಲೇ ಇರಲಿಲ್ಲ. ನಮ್ಮ ಅಬ್ಬಾ ಆ ಚೀಟಿ ಹಿಡಿದು ಮೂರು ಊರಿನ ಮೆಡಿಕಲ್ ಶಾಪುಗಳನ್ನು ಸುತ್ತಿದರು. ಕೊನೆಯ ಅಂಗಡಿಯವರು ಚೀಟಿಯನ್ನು ಮಡಚಿ ಅವರ ಜೇಬಿಗೇ ವಾಪಸು ಇಟ್ಟು, ‘ಸಾಹೇಬ್ರೇ, ಇದನ್ನ ಕೇಳ್ಕೊಂಡು ತಿರುಗಬೇಡಿ, ನಿಮಗೂ ತೊಂದರೆ, ನಮಗೂ ತೊಂದರೆ’ ಎಂದರಂತೆ. ಅಂಗಡಿಯವರ ಮೇಲೆ ಅಬ್ಬಾನಿಗೆ ಬಹಳ ಕಾಲ ಸಿಟ್ಟಿತ್ತು. ಅವರು ಕೆಟ್ಟವರಲ್ಲ, ಹೆದರಿದವರು ಎಂಬುದು ನಮಗೆ ತಿಳಿದದ್ದು ಬಹಳ ವರ್ಷಗಳ ನಂತರ, ಈ ವಿಷಯದ ಚರಿತ್ರೆಯನ್ನು ಓದತೊಡಗಿದಾಗ.

ಅದೇ 1997ನೇ ಇಸವಿಯಲ್ಲಿ ಇಡೀ ಭಾರತ ಔಷಧಿಯಾಗಿ ಬಳಸಿದ ಮಾರ್ಫಿನ್ ಎಷ್ಟು ಗೊತ್ತೆ? 18 ಕಿಲೋ. ನೂರು ಕೋಟಿಯ ಸಮೀಪದಲ್ಲಿದ್ದ ಜನಸಂಖ್ಯೆಗೆ ಒಂದು ಅಕ್ಕಿ ಚೀಲವೂ ತುಂಬದಷ್ಟು. ಒಬ್ಬ ರೋಗಿಗೆ ದಿನಕ್ಕೆ 60 ಮಿಲಿಗ್ರಾಂ ಬೇಕೆಂದು ಲೆಕ್ಕ ಹಾಕಿದರೆ ಅದು ಸುಮಾರು 800 ಜನರಿಗೆ ಒಂದು ವರ್ಷಕ್ಕೆ ಸಾಕಾದೀತು. ನಮ್ಮ ಖಾಲಾ ಆ 800 ಜನರಲ್ಲಿ ಇರಲಿಲ್ಲ.

ಇದರಲ್ಲಿ ವಿಚಿತ್ರವೆಂದರೆ, ಮಾರ್ಫಿನ್ ನಮಗೆ ಎಲ್ಲಿಂದಲೋ ಬರಬೇಕಾದ ವಸ್ತುವಲ್ಲ. ಉತ್ತರ ಪ್ರದೇಶದ ಗಾಜೀಪುರದಲ್ಲಿ ಗಂಗೆಯ ದಡದ ಮೇಲೆ ಅಫೀಮಿನ ಸರ್ಕಾರಿ ಕಾರ್ಖಾನೆ ಇದೆ. ಈಸ್ಟ್ ಇಂಡಿಯಾ ಕಂಪನಿ 1820ರಲ್ಲಿ ಕಟ್ಟಿಸಿದ್ದು. ಬಿಹಾರ, ಬನಾರಸಿನ ರೈತರಿಂದ ಬಲವಂತವಾಗಿ ಬೆಳೆಸಿದ ಅಫೀಮು ಚೀನಾಕ್ಕೆ ಹೋಗುತ್ತಿತ್ತು. ಚೀನಾ ಬೇಡವೆಂದಾಗ ಬ್ರಿಟಿಷರು 1839ರಲ್ಲಿ ಒಮ್ಮೆ, 1856ರಲ್ಲಿ ಇನ್ನೊಮ್ಮೆ ಯುದ್ಧವನ್ನೇ ಹೂಡಿದರು. ಕಂಪನಿ ಹೋಯಿತು, ಬ್ರಿಟಿಷರು ಹೋದರು, ಕಾರ್ಖಾನೆ ಉಳಿಯಿತು. ಮಧ್ಯಪ್ರದೇಶದ ನೀಮಚ್‌ನಲ್ಲಿ ಇನ್ನೊಂದಿದೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಲೈಸೆನ್ಸ್ ಪಡೆದ ರೈತರು ಗಸಗಸೆ ಗಿಡದ ಹಸಿ ಕಾಯಿಗೆ ಗೀರು ಹಾಕಿ, ಒಸರಿದ ಹಾಲನ್ನು ಬೆಳಿಗ್ಗೆ ಕೆರೆದು ಸರ್ಕಾರಕ್ಕೆ ತೂಗಿ ಕೊಡುತ್ತಾರೆ. ಅದೇ ಗಿಡದ ಒಣಗಿದ ಬೀಜದಿಂದ ನಾವು ಗಸಗಸೆ ಪಾಯಸ ಮಾಡುತ್ತೇವೆ, ಕುರ್ಮಾಕ್ಕೆ ರುಬ್ಬಿ ಹಾಕುತ್ತೇವೆ. ಲೋಕದ ಔಷಧ ಕಂಪನಿಗಳಿಗೆ ಕಾನೂನುಬದ್ಧವಾಗಿ ಅಫೀಮು ಒದಗಿಸುತ್ತ ಬಂದ ದೇಶ ನಮ್ಮದು. ಗಾಜೀಪುರದ ಕಾರ್ಖಾನೆಯ ಚರಂಡಿ ನೀರು ಕುಡಿದು ಮಂಪರಿನಲ್ಲಿ ತೂಗಾಡುವ ಮಂಗಗಳ ಬಗ್ಗೆ ಅಲ್ಲಿಗೆ ಹೋಗಿಬಂದ ಹಲವರು ಬರೆದಿದ್ದಾರೆ. ಓದಿ ಮೊದಲು ನಕ್ಕೆವು. ಆಮೇಲೆ ಖಾಲಾರ ನೆನಪಾಯಿತು.

ಹಾಗಾದರೆ ತಪ್ಪಿದ್ದೆಲ್ಲಿ? ಆ ನೋವು ಏನೆಂದು ಯಾರಿಗೂ ಗೊತ್ತಿರಲಿಲ್ಲವೆ? ಇಲ್ಲಿಂದ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಕೀಮರ ಮನೆಗಳಲ್ಲಿ ‘ಅಲ್ ಕಾನೂನ್’ ಎಂಬ ಗ್ರಂಥದ ಹೆಸರು ಕೇಳದವರಿಲ್ಲ. 980ರಲ್ಲಿ ಬುಖಾರಾದ ಬಳಿ ಹುಟ್ಟಿ 1037ರಲ್ಲಿ ಹಮದಾನಿನಲ್ಲಿ ತೀರಿಕೊಂಡ ಇಬ್ನ್ ಸೀನಾ ಬರೆದದ್ದು. ಹನ್ನೆರಡನೇ ಶತಮಾನದಲ್ಲಿ ಲ್ಯಾಟಿನ್ನಿಗೆ ಹೋಗಿ, ಯೂರೋಪಿನ ವಿದ್ಯಾಲಯಗಳಲ್ಲಿ ಶತಮಾನಗಳ ಕಾಲ ಪಠ್ಯವಾಗಿತ್ತು. ಅದರ ಮೊದಲ ಭಾಗದಲ್ಲಿ ಇಬ್ನ್ ಸೀನಾ ನೋವಿನ ಹದಿನೈದು ಬಗೆಗಳನ್ನು ಹೆಸರಿಸುತ್ತಾರೆ. ಚುಚ್ಚುವ ನೋವು, ಹಿಂಡುವ ನೋವು, ಎಳೆಯುವ ನೋವು, ಮಿಡಿಯುವ ನೋವು, ಭಾರವಾದ ನೋವು, ಹೀಗೆ. ಇವುಗಳಲ್ಲಿ ಒಂದಕ್ಕೆ ‘ಮುಕಸ್ಸಿರ್’ ಎಂದು ಹೆಸರು, ಅಂದರೆ ಮುರಿಯುವ ನೋವು. ಮೂಳೆ ಮತ್ತು ಅದನ್ನು ಹೊದ್ದಿರುವ ಪೊರೆಯ ನಡುವೆ ಏನಾದರೂ ಬಂದು ಸೇರಿಕೊಂಡರೆ, ಅಥವಾ ಚಳಿಯಿಂದ ಆ ಪೊರೆ ಬಿಗಿದುಕೊಂಡರೆ ಈ ನೋವು ಉಂಟಾಗುತ್ತದೆ ಎಂಬುದು ಅವರ ವಿವರಣೆ. ಉರ್ದುವಿನಲ್ಲಿ ಇಂದಿಗೂ ಮೈಕೈ ಮುರಿಯುವ ಡೆಂಗೆ ಜ್ವರಕ್ಕೆ ‘ಹಡ್ಡೀ ತೋಡ್ ಬುಖಾರ್’ ಎನ್ನುತ್ತಾರೆ. ಮಾತು ಎಲ್ಲಿಂದ ಎಲ್ಲಿಗೆ ಬಂದಿದೆಯೋ, ಅನುಭವವಂತೂ ಒಂದೇ.

ಇಬ್ನ್ ಸೀನಾರ ಕಾಲದ ವೈದ್ಯದ ಎಷ್ಟೋ ಮಾತುಗಳನ್ನು ಇಂದು ಒಪ್ಪಲಾಗದು. ‘ನಮ್ಮವರು ಎಲ್ಲವನ್ನೂ ಮೊದಲೇ ಹೇಳಿದ್ದರು’ ಎಂದು ಎದೆ ತಟ್ಟಿಕೊಳ್ಳುವ ಚಟ ನಮಗೂ ಇಲ್ಲ. ಆದರೆ ನೋವಿನ ಜಾಗವಾಗಿ ಮೂಳೆಯ ಪೊರೆಯತ್ತ ಬೆರಳು ತೋರಿಸಿದ್ದು ಸಣ್ಣ ಮಾತಲ್ಲ. ಮೂಳೆಯಲ್ಲಿ ನೋವಿನ ನರಗಳು ಅತ್ಯಂತ ದಟ್ಟವಾಗಿ ಹೆಣೆದುಕೊಂಡಿರುವುದು ಆ ಪೊರೆಯಲ್ಲೇ ಎಂಬುದನ್ನು ಇಂದಿನ ವಿಜ್ಞಾನವೂ ಹೇಳುತ್ತದೆ.

ಕ್ಯಾನ್ಸರ್ ಮೂಳೆಯನ್ನೇ ಏಕೆ ಹುಡುಕಿಕೊಂಡು ಹೋಗುತ್ತದೆ ಎಂಬ ಪ್ರಶ್ನೆಗೆ 1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಒಂದು ಉತ್ತರ ಕೊಟ್ಟರು. ಸ್ತನ ಕ್ಯಾನ್ಸರಿನಿಂದ ಸತ್ತ 735 ಜನರ ದಾಖಲೆಗಳನ್ನು ಅವರು ನೋಡಿದರು. ರಕ್ತ ಎಲ್ಲ ಅಂಗಗಳಿಗೂ ಹರಿಯುತ್ತದೆ, ಆದರೆ ರೋಗ ಎಲ್ಲ ಕಡೆಯೂ ಸಮನಾಗಿ ಹರಡುವುದಿಲ್ಲ. ಯಕೃತ್ತು, ಮೂಳೆಯಂಥ ಕೆಲವು ಜಾಗಗಳನ್ನು ಆರಿಸಿಕೊಳ್ಳುತ್ತದೆ. ಬೀಜ ಎಲ್ಲೆಡೆ ಬೀಳುತ್ತದೆ, ಮೊಳೆಯುವುದು ಒಗ್ಗುವ ಮಣ್ಣಿನಲ್ಲಿ ಮಾತ್ರ ಎಂಬ ಹೋಲಿಕೆ ಅವರದು. ಬೇಸಾಯ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸ್ತನ, ಪ್ರಾಸ್ಟೇಟ್, ಶ್ವಾಸಕೋಶ, ಮೂತ್ರಪಿಂಡ, ಥೈರಾಯ್ಡ್ ಕ್ಯಾನ್ಸರುಗಳಿಗೆ ಮೂಳೆ ಒಗ್ಗುವ ಮಣ್ಣು.

ಆ ಮಣ್ಣಿನಲ್ಲಿ ನಡೆಯುವುದೇನು? ಮೂಳೆ ಕಲ್ಲಿನಂತೆ ಕಂಡರೂ ಅಲ್ಲಿ ಸದಾ ಕೆಲಸ ನಡೆದಿರುತ್ತದೆ. ಹಳೆಯದನ್ನು ಕೊರೆದು ತೆಗೆಯುವ ಜೀವಕೋಶಗಳಿವೆ, ಅವಕ್ಕೆ ಆಸ್ಟಿಯೋಕ್ಲಾಸ್ಟ್ ಎನ್ನುತ್ತಾರೆ. ಹೊಸದನ್ನು ಕಟ್ಟುವ ಜೀವಕೋಶಗಳೂ ಇವೆ. ಕೊರೆಯುವವರೂ ಕಟ್ಟುವವರೂ ಒಬ್ಬರನ್ನೊಬ್ಬರು ನೋಡಿಕೊಂಡು ದುಡಿಯುತ್ತಾರೆ. ಕ್ಯಾನ್ಸರ್ ಬಂದು ಕುಳಿತ ಮೇಲೆ ಈ ಲೆಕ್ಕ ತಪ್ಪುತ್ತದೆ. ಕ್ಯಾನ್ಸರ್ ಕಣಗಳು ಕೊರೆಯುವ ಕೋಶಗಳನ್ನು ಕೆರಳಿಸುತ್ತವೆ. ಅವು ಆಮ್ಲ ಸುರಿಸಿ ಮೂಳೆಯನ್ನು ಕರಗಿಸುತ್ತವೆ. ಕರಗಿದ ಮೂಳೆಯಿಂದ ಹೊರಬೀಳುವ ಪದಾರ್ಥಗಳು ಕ್ಯಾನ್ಸರಿಗೇ ಗೊಬ್ಬರವಾಗುತ್ತವೆ. ಅದು ಬೆಳೆದಷ್ಟೂ ಮೂಳೆ ಕರಗುತ್ತದೆ, ಮೂಳೆ ಕರಗಿದಷ್ಟೂ ಅದು ಬೆಳೆಯುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಕಟ್ಟುವ ಕೋಶಗಳೂ ಕೆರಳಿ ಅಡ್ಡಾದಿಡ್ಡಿ ಮೂಳೆ ಬೆಳೆಯುವುದುಂಟು, ಆದರೆ ಅದು ಗಟ್ಟಿಯಲ್ಲದ ಗೋಡೆ. ಸುರಿದ ಆಮ್ಲ ನರಗಳನ್ನು ಸುಡುತ್ತದೆ, ಊದಿದ ಗಡ್ಡೆ ಪೊರೆಯನ್ನು ಹಿಗ್ಗಿಸುತ್ತದೆ, ಟೊಳ್ಳಾದ ಮೂಳೆಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಬೀಳುತ್ತವೆ. ಹಾಗಾಗಿ ಈ ನೋವಿಗೆ ಎರಡು ಮುಖ. ಒಂದು, ಹಗಲೂ ರಾತ್ರಿ ಕೊರೆಯುತ್ತಿರುವ ನೋವು. ಇನ್ನೊಂದು, ಹೊರಳಿದರೆ, ಕೆಮ್ಮಿದರೆ, ಎದ್ದು ನಿಂತರೆ ಚಳಕ್ಕನೆ ಹೊಡೆಯುವ ನೋವು. ಮೊದಲನೆಯದು ಔಷಧಿಗೆ ಬಗ್ಗಿದರೂ ಎರಡನೆಯದು ಸುಲಭಕ್ಕೆ ಬಗ್ಗುವುದಿಲ್ಲ.

ಇದನ್ನೆಲ್ಲ ಓದಿದ ದಿನ ಖಾಲಾರ ‘ದೀಮಕ್’ ನೆನಪಾಗಿ ಪುಸ್ತಕ ಮುಚ್ಚಿಟ್ಟೆವು. ಆರನೇ ಇಯತ್ತೆಯೂ ದಾಟದ ಹೆಂಗಸು ತಮ್ಮ ಮೈಯೊಳಗೆ ನಡೆಯುತ್ತಿದ್ದುದನ್ನು ಸರಿಯಾಗಿಯೇ ಹೇಳಿದ್ದರು. ಬಿಸಿ ಎಣ್ಣೆ ಹಾಕಿ ಬಲವಾಗಿ ತಿಕ್ಕಿದ ನಾವು ಮಾತ್ರ ಗೆದ್ದಲು ತಿಂದ ತೊಲೆಯನ್ನು ಗುದ್ದಿದಂತೆ ಮಾಡಿದ್ದೆವು. ಒಂದು ಬೆಳಗಿನ ಜಾವ ಹಾಸಿಗೆಯ ಬಟ್ಟೆ ಬದಲಿಸಲೆಂದು ಅಮ್ಮಿಯೂ ಛೋಟೀ ಖಾಲಾನೂ ಮಗ್ಗುಲು ಹೊರಳಿಸುವಾಗ ಅವರ ತೊಡೆಯ ಮೂಳೆ ಲಟಕ್ಕನೆ ಮುರಿಯಿತು. ಪಕ್ಕದ ಕೋಣೆಯಲ್ಲಿದ್ದ ನಮಗೂ ಆ ಸದ್ದು ಕೇಳಿಸಿತು.

ನೋವಿನ ಔಷಧಿಯ ಕಥೆ ಇದಕ್ಕಿಂತ ಹಳೆಯದು. ನೋವಿನ ಮೂಲವನ್ನು ತೆಗೆಯುವುದು ಒಂದು ದಾರಿ, ಅದಾಗದಿದ್ದಾಗ ನೋವಿನ ಅರಿವನ್ನು ಮರಗಟ್ಟಿಸುವುದು ಇನ್ನೊಂದು ದಾರಿ ಎಂದು ಇಬ್ನ್ ಸೀನಾ ಬಿಡಿಸಿ ಹೇಳಿದ್ದರು. ಮರಗಟ್ಟಿಸುವವುಗಳಲ್ಲಿ ಅಫೀಮು ಎಲ್ಲಕ್ಕಿಂತ ಬಲವಾದದ್ದು, ಅಷ್ಟೇ ಎಚ್ಚರ ಬೇಕಾದದ್ದು ಎಂಬುದೂ ಅವರಿಗೆ ಗೊತ್ತಿತ್ತು. ತೊಂದರೆಯೆಂದರೆ ಅಫೀಮಿನ ಒಂದು ತುಣುಕಿನಲ್ಲಿ ಎಷ್ಟು ಬಲವಿದೆ ಎಂಬ ಅಳತೆ ಯಾರಿಗೂ ಸಿಗುತ್ತಿರಲಿಲ್ಲ. ಹತ್ತೊಂಬತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಜರ್ಮನಿಯ ಸೆರ್ಟುರ್ನರ್ ಎಂಬ ಯುವಕ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವನು, ಅಫೀಮಿನ ಸತ್ವವನ್ನು ಬೇರೆ ಮಾಡಿದ. ಗ್ರೀಕರ ಕನಸಿನ ದೇವತೆ ಮಾರ್ಫಿಯಸ್‌ನ ಹೆಸರನ್ನು ಅದಕ್ಕಿಟ್ಟ. ಅಂದಿನಿಂದ ನೋವಿನ ಔಷಧಿಯನ್ನು ತೂಗಿ ಕೊಡುವುದು ಸಾಧ್ಯವಾಯಿತು.

ಅಳತೆ ಸಿಕ್ಕರೂ ವೇಳೆ ಸಿಕ್ಕಿರಲಿಲ್ಲ. ನೋವು ತಡೆಯಲಾರದೆ ರೋಗಿ ಕೂಗಿದ ಮೇಲೆ ಚುಚ್ಚುಮದ್ದು, ಅದರ ಬಲ ಇಳಿದು ಮತ್ತೆ ಕೂಗಿದಾಗ ಮತ್ತೊಂದು. ಆಸ್ಪತ್ರೆಗಳ ಪದ್ಧತಿ ಇದೇ ಆಗಿತ್ತು. ಇದನ್ನು ಬದಲಿಸಿದವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. 1918ರಲ್ಲಿ ಹುಟ್ಟಿದವರು. ಮೊದಲು ನರ್ಸ್, ಬೆನ್ನುನೋವಿನಿಂದ ಆ ಕೆಲಸ ಬಿಡಬೇಕಾಗಿ ಬಂದು ಆಸ್ಪತ್ರೆಯ ಸಮಾಜ ಸೇವಕಿ, ಆಮೇಲೆ ವಯಸ್ಸು ಮೀರಿದ ಮೇಲೆ ಕಲಿತು ವೈದ್ಯೆ. 1958ರಿಂದ ಲಂಡನ್ನಿನ ಸೇಂಟ್ ಜೋಸೆಫ್ ಎಂಬ ಕೊನೆಗಾಲದ ರೋಗಿಗಳ ಮನೆಯಲ್ಲಿ ಕೆಲಸ ಮಾಡುತ್ತ ನೂರಾರು ರೋಗಿಗಳ ಮಾತನ್ನು ಬರೆದಿಟ್ಟುಕೊಂಡರು. ನೋವು ಬರುವವರೆಗೆ ಕಾಯಬೇಡಿ, ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ ಬಾಯಿಯ ಮೂಲಕ ಮಾರ್ಫಿನ್ ಕೊಡಿ, ನೋವು ತಲೆ ಎತ್ತದಂತೆ ನೋಡಿಕೊಳ್ಳಿ ಎಂಬುದು ಅವರು ಕಂಡುಕೊಂಡ ದಾರಿ. ಹಾಗೆ ಕೊಟ್ಟರೆ ರೋಗಿ ಮಂಕಾಗುವುದಿಲ್ಲ, ಎದ್ದು ಕುಳಿತು ಮಾತಾಡುತ್ತಾನೆ, ಇನ್ನೂ ಬೇಕು ಇನ್ನೂ ಬೇಕು ಎಂದು ಹಂಬಲಿಸುವುದಿಲ್ಲ ಎಂಬುದನ್ನು ತೋರಿಸಿಕೊಟ್ಟರು. 1967ರಲ್ಲಿ ಅವರು ಕಟ್ಟಿದ ಸೇಂಟ್ ಕ್ರಿಸ್ಟೋಫರ್ ಹಾಸ್ಪಿಸ್ ಜಗತ್ತಿಗೆ ಮಾದರಿಯಾಯಿತು. ಮೈಯ ನೋವಿನ ಜೊತೆಗೆ ಮನಸ್ಸಿನ, ಸಂಸಾರದ, ಆತ್ಮದ ನೋವೂ ಕೂಡಿಯೇ ಒಂದು ನೋವು ಎಂಬ ಮಾತನ್ನೂ ವೈದ್ಯರಿಗೆ ಕಲಿಸಿದವರು ಅವರೇ. ಖಾಲಾರ ವಿಷಯದಲ್ಲಿ ಅದು ನಿಜ. ಮಗಳ ನಿಕಾಹ್ ಆಗಿರಲಿಲ್ಲ. ಅದಕ್ಕೆಂದು ಇಟ್ಟ ನಾಲ್ಕು ಬಳೆ ಆಪರೇಷನ್ನಿಗೇ ಹೋಗಿದ್ದವು. ನೋವು ಕಡಿಮೆಯಿದ್ದ ಗಳಿಗೆಯಲ್ಲಿ ಅವರು ಮಾತಾಡುತ್ತಿದ್ದುದು ಆ ಬಳೆಗಳ ಬಗ್ಗೆಯೇ.

ಸಾಂಡರ್ಸ್ ಮತ್ತು ಅವರ ಜೊತೆಗಾರರ ಅನುಭವವನ್ನು ವಿಶ್ವ ಆರೋಗ್ಯ ಸಂಸ್ಥೆ ಎತ್ತಿಕೊಂಡಿತು. 1986ರಲ್ಲಿ ಕ್ಯಾನ್ಸರ್ ನೋವಿನ ಪರಿಹಾರದ ಬಗ್ಗೆ ಒಂದು ಪುಸ್ತಿಕೆ ಹೊರಬಂತು. ಮೂರು ಮೆಟ್ಟಿಲ ಏಣಿ ಅದರ ಹೂರಣ. ಸಣ್ಣ ನೋವಿಗೆ ಪ್ಯಾರಾಸಿಟಮಾಲ್‌ನಂಥವು, ಅದಕ್ಕೆ ಬಗ್ಗದಿದ್ದರೆ ಕೋಡೀನ್‌ನಂಥವು, ಅದಕ್ಕೂ ಬಗ್ಗದಿದ್ದರೆ ಮಾರ್ಫಿನ್. ಬಡ ದೇಶದ ಹಳ್ಳಿಯಲ್ಲೂ ಅಗ್ಗದ ಮಾತ್ರೆಗಳಿಂದ ಸಾಧ್ಯವಾಗುವ ದಾರಿ. ಅಂದರೆ ಖಾಲಾ ಸಾಯುವ ಹನ್ನೊಂದು ವರ್ಷ ಮೊದಲೇ ಅವರಿಗೇನು ಕೊಡಬೇಕೆಂಬುದು ಅಚ್ಚಾಗಿತ್ತು.

ಆದರೆ ಅದರ ಹಿಂದಿನ ವರ್ಷವೇ ನಮ್ಮ ದೇಶದಲ್ಲಿ ಇನ್ನೊಂದು ಅಚ್ಚಾಗಿತ್ತು. ಮಾದಕ ವಸ್ತುಗಳ ಕಳ್ಳಸಾಗಣೆಯನ್ನು ಮಟ್ಟ ಹಾಕಲೆಂದು 1985ರಲ್ಲಿ ಸಂಸತ್ತು ಅವಸರದಲ್ಲಿ ಒಂದು ಕಾಯ್ದೆ ಮಾಡಿತು. ಎನ್‌ಡಿಪಿಎಸ್ ಕಾಯ್ದೆ ಎಂದು ಪತ್ರಿಕೆಗಳಲ್ಲಿ ಓದುತ್ತೇವಲ್ಲ, ಅದೇ. ಆ ವರ್ಷದ ನವೆಂಬರ್ 14ರಿಂದ ಜಾರಿಗೆ ಬಂತು. ಹೆಚ್ಚಿನ ಅಪರಾಧಗಳಿಗೆ ಆಗ ಕನಿಷ್ಠ ಹತ್ತು ವರ್ಷ ಜೈಲಿತ್ತು. ಔಷಧಿಯಾಗಿ ಬಳಸಬಾರದೆಂದು ಅದರಲ್ಲಿ ಎಲ್ಲಿಯೂ ಇಲ್ಲ, ಬಳಸಬಹುದೆಂದೇ ಇದೆ. ಆದರೆ ಆ ಬಳಕೆಯ ನಿಯಮ ಮಾಡುವ ಕೆಲಸ ರಾಜ್ಯಗಳ ಪಾಲಾಯಿತು. ಒಂದೊಂದು ರಾಜ್ಯಕ್ಕೂ ಒಂದೊಂದು ನಿಯಮ. ಒಂದು ಆಸ್ಪತ್ರೆ ಪಕ್ಕದ ರಾಜ್ಯದಿಂದ ಮಾರ್ಫಿನ್ ತರಿಸಬೇಕಾದರೆ ಇಟ್ಟುಕೊಳ್ಳಲು ಒಂದು ಲೈಸೆನ್ಸ್, ತರಿಸಲು ಒಂದು, ಕಳಿಸುವ ರಾಜ್ಯದ್ದು ಒಂದು, ಸಾಗಿಸಲು ಒಂದು. ಎಲ್ಲಕ್ಕೂ ಒಂದೇ ಕಾಲದಲ್ಲಿ ಅವಧಿ ಇರಬೇಕು. ನಾಲ್ಕನೆಯದು ಕೈಗೆ ಬರುವಷ್ಟರಲ್ಲಿ ಮೊದಲನೆಯದರ ಅವಧಿ ಮುಗಿದಿರುತ್ತಿತ್ತು. ಎಕ್ಸೈಸ್ ಕಚೇರಿಯ ಮೆಟ್ಟಿಲು ಹತ್ತಿದವರಿಗೆ ಈ ಆಟ ಗೊತ್ತು. ಲೆಕ್ಕದಲ್ಲಿ ನಾಲ್ಕು ಮಾತ್ರೆ ತಪ್ಪಿದರೆ ಜೈಲೆಂಬ ಹೆದರಿಕೆ ಬೇರೆ. ಆಸ್ಪತ್ರೆಗಳು ತರಿಸುವುದನ್ನೇ ಬಿಟ್ಟವು, ಅಂಗಡಿಗಳು ಇಡುವುದನ್ನು ಬಿಟ್ಟವು. ಆಮೇಲೆ ಬಂದ ಒಂದು ಪೀಳಿಗೆಯ ವೈದ್ಯರು ಮಾರ್ಫಿನ್ ಬರೆಯುವುದನ್ನು ಕಲಿಯಲೇ ಇಲ್ಲ. 1985ರಿಂದ 1997ಕ್ಕೆ ಬರುವಷ್ಟರಲ್ಲಿ ಬಳಕೆ ಶೇ. 97ರಷ್ಟು ಕುಸಿದು, ನಾವು ಮೊದಲು ಹೇಳಿದ 18 ಕಿಲೋಗೆ ಬಂದು ನಿಂತಿತು.

ಕಳ್ಳಸಾಗಣೆ ನಿಂತಿತೆ? ಅದನ್ನು ಓದುಗರೇ ದಿನಪತ್ರಿಕೆ ನೋಡಿ ಹೇಳಬಹುದು. ನಿಂತದ್ದು ಅಬ್ಬಾ ಹಿಡಿದು ತಿರುಗಿದಂಥ ಚೀಟಿಗಳು.

ಈ ಬೀಗ ತೆರೆಯತೊಡಗಿದ್ದು ನಮ್ಮ ನೆರೆಯ ಕೇರಳದಿಂದ. 1993ರಲ್ಲಿ ಕೋಝಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಅರಿವಳಿಕೆ ತಜ್ಞರಾಗಿದ್ದ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಕೆಲವು ಗೆಳೆಯರು ಸೇರಿ ನೋವು ಮತ್ತು ಉಪಶಮನ ಚಿಕಿತ್ಸೆಯ ಸಂಘವೊಂದನ್ನು ಕಟ್ಟಿದರು. ಅಲ್ಲಿ ಎರಡು ವರ್ಷಗಳಲ್ಲಿ 1,723 ರೋಗಿಗಳಿಗೆ ಬಾಯಿಯ ಮೂಲಕ ಮಾರ್ಫಿನ್ ಕೊಟ್ಟು, ಹೆಚ್ಚಿನವರಿಗೆ ಮನೆಗೇ ಕಳಿಸಿ, ಒಂದೇ ಒಂದು ದುರುಪಯೋಗವೂ ಕಂಡುಬರಲಿಲ್ಲವೆಂಬ ವರದಿ 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಮುಂದೆ ಮಲಪ್ಪುರಂ ಮುಂತಾದ ಜಿಲ್ಲೆಗಳಲ್ಲಿ ಈ ಕೆಲಸವನ್ನು ಊರವರೇ ಕೈಗೆತ್ತಿಕೊಂಡರು. ಅಂಗಡಿಗಳಲ್ಲಿ ಡಬ್ಬಿ ಇಟ್ಟು ಚಿಲ್ಲರೆ ಕೂಡಿಸಿ, ತರಬೇತಿ ಪಡೆದು, ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಹುಣ್ಣು ತೊಳೆದರು. ಸಾಬರು, ನಾಯರು, ಕ್ರೈಸ್ತರು ಒಂದೇ ಜೀಪಿನಲ್ಲಿ. 2008ರಲ್ಲಿ ಕೇರಳ ಸರ್ಕಾರ ಉಪಶಮನ ಚಿಕಿತ್ಸೆಗೆಂದೇ ನೀತಿಯೊಂದನ್ನು ತಂದಿತು, ದೇಶದಲ್ಲಿ ಅದೇ ಮೊದಲು.

ದೆಹಲಿಯಲ್ಲಿ ಬೇರೆ ರೀತಿಯಲ್ಲಿ ನಡೆಯಿತು. ಸ್ತನ ಕ್ಯಾನ್ಸರಿನಿಂದ ನರಳುತ್ತಿದ್ದ ತಾಯಿಗೆ ಮಾರ್ಫಿನ್ ಸಿಗದೆ ನೊಂದ ಮಗನೊಬ್ಬ ಹೈಕೋರ್ಟಿಗೆ ಹೋದ. 1998ರಲ್ಲಿ ಕೋರ್ಟು ಔಷಧಿ ಸುಲಭವಾಗಿ ಸಿಗುವಂತೆ ಮಾಡಬೇಕೆಂದಿತು. ಅದೇ ವರ್ಷ ಕೇಂದ್ರ ಸರ್ಕಾರ ಸರಳವಾದ ಮಾದರಿ ನಿಯಮವನ್ನು ಎಲ್ಲ ರಾಜ್ಯಗಳಿಗೂ ಕಳಿಸಿತು. ಕೆಲವು ರಾಜ್ಯಗಳು ಓದಿದವು, ಹೆಚ್ಚಿನವು ಕಡತದಲ್ಲಿ ಇಟ್ಟವು. ಕೊನೆಗೆ 2014ರಲ್ಲಿ ಸಂಸತ್ತೇ ಕಾಯ್ದೆಯನ್ನು ತಿದ್ದಿತು. ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿ ಆರು ಔಷಧಿಗಳನ್ನು ಅಗತ್ಯ ಔಷಧಿಗಳೆಂದು ಬೇರೆ ಮಾಡಿ, ದೇಶಕ್ಕೆಲ್ಲ ಒಂದೇ ನಿಯಮ ತಂದರು. ಈಗ ಮಾನ್ಯತೆ ಪಡೆದ ಆಸ್ಪತ್ರೆಗೆ ರಾಜ್ಯದ ಔಷಧ ನಿಯಂತ್ರಕರ ಒಂದೇ ಅನುಮತಿ ಸಾಕು.

ಕರ್ನಾಟಕದ ಮಾತು ಹೇಳಬೇಕೆಂದರೆ, ಬೆಂಗಳೂರಿನಲ್ಲಿ ರಫಿ ಅಹಮದ್ ಕಿದ್ವಾಯಿಯವರ ಹೆಸರಿನ ಕ್ಯಾನ್ಸರ್ ಸಂಸ್ಥೆ 1973ರಿಂದ ಇದೆ. 1994ರಲ್ಲಿ ಹುಟ್ಟಿದ ಬೆಂಗಳೂರು ಹಾಸ್ಪಿಸ್ ಟ್ರಸ್ಟ್, ‘ಕರುಣಾಶ್ರಯ’ವನ್ನು ಕಟ್ಟಿ ಕೊನೆಗಾಲದ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. 2016ರಲ್ಲಿ ನಮ್ಮ ರಾಜ್ಯವೂ ಉಪಶಮನ ಚಿಕಿತ್ಸೆಯ ನೀತಿ ರೂಪಿಸಿತು. ಆದರೆ ನೀತಿ ಬೆಂಗಳೂರಿನಿಂದ ಹೊರಟು ತಾಲ್ಲೂಕು ಮುಟ್ಟುವುದು ಬೇರೆಯೇ ಪ್ರಯಾಣ. 2017ರಲ್ಲಿ ಲ್ಯಾನ್ಸೆಟ್ ಆಯೋಗ ಮಾಡಿದ ಲೆಕ್ಕದ ಪ್ರಕಾರ ಭಾರತದಲ್ಲಿ ಬೇಕಾದ ಈ ಬಗೆಯ ಔಷಧಿಯಲ್ಲಿ ಸಿಗುತ್ತಿದ್ದುದು ಶೇ. 4 ಮಾತ್ರ.

ಹೆದರಿಕೆಗೆ ಕಾರಣವೇ ಇಲ್ಲವೆಂದು ನಾವು ಹೇಳುವುದಿಲ್ಲ. ಅಮೆರಿಕದಲ್ಲಿ 1996ರ ನಂತರ ಔಷಧ ಕಂಪನಿಗಳು ಇದೇ ಕುಲದ ಮಾತ್ರೆಗಳನ್ನು ಸಾಮಾನ್ಯ ಬೆನ್ನುನೋವಿಗೂ ಹಂಚಿಸಿ, ಚಟ ಹತ್ತುವುದಿಲ್ಲವೆಂದು ಸುಳ್ಳು ಹೇಳಿ, ಲಕ್ಷಾಂತರ ಸಂಸಾರ ಹಾಳು ಮಾಡಿದವು. ಅಲ್ಲಿ ಲಾಭ ಕೊಂದಿತು, ಇಲ್ಲಿ ಭಯ ನರಳಿಸಿತು. ಕ್ಯಾನ್ಸರ್ ರೋಗಿಗೆ, ತಿಳಿದವರ ಕೈಯಲ್ಲಿ, ಸಣ್ಣ ಪ್ರಮಾಣದಿಂದ ಶುರುಮಾಡಿ ನೋವಿಗೆ ತಕ್ಕಷ್ಟೇ ಏರಿಸುತ್ತ ಕೊಡುವ ಮಾರ್ಫಿನ್ ಬೇರೆಯೇ ಮಾತು. ಹಾಗೆ ಕೊಟ್ಟದ್ದು ಆಯಸ್ಸನ್ನು ಕಡಿಮೆ ಮಾಡುವುದಿಲ್ಲ. ಮಲಬದ್ಧತೆ ಮಾತ್ರ ತಪ್ಪದೆ ಬರುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಔಷಧಿ ಬೇಕು. ಮೂತ್ರಪಿಂಡ ಸೋತವರಿಗೆ ವೈದ್ಯರು ಪ್ರಮಾಣ ಇಳಿಸುತ್ತಾರೆ, ಇಲ್ಲವೇ ಬೇರೆ ಔಷಧಿ ಆರಿಸುತ್ತಾರೆ.

ಮೂಳೆಯ ನೋವಿಗೆ ಮಾರ್ಫಿನ್ ಒಂದೇ ಸಾಲದು ಎಂಬುದನ್ನೂ ಹೇಳಬೇಕು. ನೋಯುವ ಮೂಳೆಗೆ ವಿಕಿರಣ ಕೊಡುವುದು ಹಳೆಯ, ಬಹಳ ಒಳ್ಳೆಯ ಉಪಾಯ. ಮೊದಲೆಲ್ಲ ಹತ್ತು ದಿನ ಆಸ್ಪತ್ರೆಗೆ ಅಲೆಸುತ್ತಿದ್ದರು. 1990ರ ದಶಕದಲ್ಲಿ ಬ್ರಿಟನ್, ಹಾಲೆಂಡ್‌ಗಳಲ್ಲಿ ನಡೆದ ಪರೀಕ್ಷೆಗಳು, 8 ಗ್ರೇ ಅಳತೆಯ ಒಂದೇ ಸಲದ ವಿಕಿರಣವೂ ನೋವನ್ನು ಅಷ್ಟೇ ಚೆನ್ನಾಗಿ ಇಳಿಸುತ್ತದೆಂದು ತೋರಿಸಿದವು. ಕೆಲವರಿಗೆ ಅದೇ ಜಾಗಕ್ಕೆ ಎರಡನೇ ಸಲ ಕೊಡಬೇಕಾಗಬಹುದು, ಅಷ್ಟೇ. ಹತ್ತರಲ್ಲಿ ಸುಮಾರು ಆರು ಜನರಿಗೆ ಇದರಿಂದ ನೆಮ್ಮದಿ ಸಿಗುತ್ತದೆ, ಪೂರ್ತಿ ಗುಣ ಕಾಣಲು ಕೆಲವು ವಾರ ಬೇಕು. ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ರೋಗಿಗೆ ಹತ್ತು ದಿನಕ್ಕೂ ಒಂದು ದಿನಕ್ಕೂ ಇರುವ ವ್ಯತ್ಯಾಸ ಏನೆಂದು ಬಸ್ಸು ಹತ್ತಿದವರಿಗೇ ಗೊತ್ತು. ಕೊರೆಯುವ ಕೋಶಗಳ ಕೈ ಕಟ್ಟುವ ಝೋಲೆಡ್ರಾನಿಕ್ ಆಸಿಡ್‌ನಂಥ ಡ್ರಿಪ್ ಔಷಧಿಗಳು ಮೂಳೆ ಮುರಿಯುವುದನ್ನು ಕಡಿಮೆ ಮಾಡುತ್ತವೆ. ಅದಕ್ಕೆ ಮೊದಲು ಹಲ್ಲು ತೋರಿಸಿಕೊಳ್ಳಬೇಕು, ದವಡೆಗೆ ಅಪಾಯವುಂಟು. ಮುರಿಯುವ ಹಂತದಲ್ಲಿರುವ ತೊಡೆ ಮೂಳೆಗೆ ಮೊದಲೇ ಸರಳು ಹಾಕಿಸಬಹುದು. ಪ್ರಾಸ್ಟೇಟ್ ಕ್ಯಾನ್ಸರ್ ಪುರುಷ ಹಾರ್ಮೋನಿನಿಂದ ಬೆಳೆಯುತ್ತದೆಂದು 1941ರಲ್ಲಿ ಷಿಕಾಗೋದ ಚಾರ್ಲ್ಸ್ ಹಗಿನ್ಸ್ ತೋರಿಸಿದರು. ಹಾರ್ಮೋನನ್ನು ತಡೆದಾಗ ಮೂಳೆ ನೋವಿನಿಂದ ಮಲಗಿದ್ದವರು ಎದ್ದು ಓಡಾಡಿದರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಇನ್ನೊಂದನ್ನು ಮರೆಯದೆ ಹೇಳಬೇಕು: ಬೆನ್ನುನೋವಿರುವ ಕ್ಯಾನ್ಸರ್ ರೋಗಿಗೆ ಕಾಲು ಸೋತರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಬೆನ್ನುಹುರಿ ಅದುಮಿದೆ ಎಂದರ್ಥ. ನಾಳೆ ನೋಡೋಣ ಎನ್ನಬಾರದು, ಅದೇ ದಿನ ಆಸ್ಪತ್ರೆ ಸೇರಿಸಬೇಕು. ಖಾಲಾರ ಕಾಲು ಜೋಮು ಹಿಡಿದಾಗ ಮಲಗಿ ಮಲಗಿ ಹಾಗಾಗಿದೆ ಎಂದುಕೊಂಡಿದ್ದೆವು.

ಕಾಯ್ದೆಯ ಮೇಲೆ, ಅಂಗಡಿಯ ಮೇಲೆ ಎಲ್ಲವನ್ನೂ ಹಾಕಿ ನಾವು ತಪ್ಪಿಸಿಕೊಳ್ಳುವಂತಿಲ್ಲ. ಮನೆಗೆ ನೋಡಲು ಬಂದವರೆಲ್ಲ ಖಾಲಾರಿಗೆ ಹೇಳುತ್ತಿದ್ದುದು ಒಂದೇ, ‘ಸಬರ್ ಕರೋ.’ ಹಜರತ್ ಅಯ್ಯೂಬರ ಕಥೆ ಹೇಳುತ್ತಿದ್ದರು. ಆ ಕಥೆಯಲ್ಲಿ ಅಯ್ಯೂಬರು ತಮಗೆ ಕಷ್ಟ ತಾಗಿದೆಯೆಂದು ಅಲ್ಲಾಹನ ಮುಂದೆ ಬಾಯಿಬಿಟ್ಟು ಹೇಳಿಕೊಂಡದ್ದೂ ಇದೆ. ಆ ಭಾಗ ಯಾರೂ ಹೇಳಲಿಲ್ಲ. ಕೂಗಿದರೆ ಸಬರ್ ಮುರಿಯುತ್ತದೆಂದು ಖಾಲಾ ಓಢನಿಯ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದರು. ಅವರ ಮಯ್ಯತ್ತಿಗೆ ಗುಸ್ಲ್ ಮಾಡಿಸಿದ ಹೆಂಗಸರು ಆ ಸೆರಗಿನಲ್ಲಿ ಹಲ್ಲಿನ ತೂತುಗಳಿದ್ದವೆಂದು ಆಮೇಲೆ ಅಮ್ಮಿಗೆ ಹೇಳಿದರು.

ಎರಡು ವರ್ಷದ ಹಿಂದೆ ನಮ್ಮ ಮೊಹಲ್ಲಾದ ಚಾಚಾ ಒಬ್ಬರಿಗೆ, ಎಪ್ಪತ್ತು ದಾಟಿದವರು, ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿತು. ವೈದ್ಯರು ಒಂದು ಸಲ ವಿಕಿರಣ ಕೊಟ್ಟು, 10 ಮಿಲಿಗ್ರಾಂ ಮಾರ್ಫಿನ್ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ಬರೆದರು. ಮನೆಗೆ ಬಂದ ಮಗನಿಗೆ ಹೊಸ ಸಂಕಟ. ಇದು ಅಫೀಮಿನ ಮಾತ್ರೆಯಂತೆ, ನಶೆಯ ವಸ್ತು ಹರಾಮಲ್ಲವೆ, ತಿಂದು ನಮಾಜು ಮಾಡಬಹುದೆ? ಮಸೀದಿಯ ಇಮಾಮರನ್ನು ಕೇಳಲು ಹೋದ. ನಾವೂ ಜೊತೆಗಿದ್ದೆವು. ಇಮಾಮರು ವಯಸ್ಸಿನಲ್ಲಿ ನಮಗಿಂತ ಚಿಕ್ಕವರು. ಒಂದು ಗಳಿಗೆ ಸುಮ್ಮನಿದ್ದು ಕೇಳಿದರು: ‘ನಿಮ್ಮ ಅಬ್ಬಾರಿಗೆ ಹೋದ ವರ್ಷ ಆಪರೇಷನ್ ಮಾಡುವಾಗ ಪ್ರಜ್ಞೆ ತಪ್ಪಿಸಿದರಲ್ಲ, ಆಗ ನನ್ನನ್ನು ಕೇಳಲು ಬಂದಿದ್ದಿರಾ?’ ಮಗ ತಲೆ ಅಲ್ಲಾಡಿಸಿದ. ‘ಹಾಗಾದರೆ ಈಗಲೂ ಹೋಗಿ ಕೊಡಿ. ಅಸರ್ ಹೊತ್ತಾಯಿತು, ಮಾತ್ರೆಯ ವೇಳೆ ತಪ್ಪೀತು.’

ಚಾಚಾ ಆಮೇಲೆ ಏಳು ತಿಂಗಳು ಇದ್ದರು. ಶುಕ್ರವಾರ ಮಗನ ಭುಜ ಹಿಡಿದು ಮಸೀದಿಗೆ ಬಂದು ಕುರ್ಚಿಯ ಮೇಲೆ ಕುಳಿತು ನಮಾಜು ಮಾಡುತ್ತಿದ್ದರು. ನೋವು ಇರಲೇ ಇಲ್ಲವೆಂದಲ್ಲ. ಮೆಟ್ಟಿಲು ಹತ್ತುವಾಗ ಮುಖ ಕಿವುಚುತ್ತಿದ್ದರು, ಅದಕ್ಕೆಂದು ಹೊರಡುವ ಅರ್ಧ ಗಂಟೆ ಮೊದಲು ಒಂದು ಹೆಚ್ಚಿನ ಮಾತ್ರೆ ನುಂಗಿರುತ್ತಿದ್ದರು. ನಿದ್ದೆ ಮಾಡುತ್ತಿದ್ದರು, ಮೊಮ್ಮಗಳ ಜೊತೆ ಕೇರಂ ಆಡುತ್ತಿದ್ದರು, ಸೊಸೆ ಮಾಡಿದ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಜಗಳವಾಡುತ್ತಿದ್ದರು. ಒಂದು ರಾತ್ರಿ ಇಶಾ ಆದ ಮೇಲೆ ಮಲಗಿದವರು ಏಳಲಿಲ್ಲ.

ಮೂರನೇ ದಿನ ಜಿಯಾರತ್ ಮುಗಿದ ಮೇಲೆ ಮಗ ಉಳಿದ ಮಾತ್ರೆಗಳನ್ನು ಆಸ್ಪತ್ರೆಗೆ ವಾಪಸು ಕೊಡಲು ಹೊರಟ. ನಾವೂ ಹೋದೆವು. ಕಿಟಕಿಯ ಹಿಂದಿದ್ದ ಸಿಸ್ಟರ್ ಒಂದು ಉದ್ದನೆಯ ಪುಸ್ತಕ ತೆಗೆದು, ಪಟ್ಟಿಯನ್ನು ಬೆಳಕಿಗೆ ಹಿಡಿದು ಎಣಿಸಿದರು. ಹದಿನಾಲ್ಕು. ಚಾಚಾರ ಹೆಸರಿನ ಮುಂದೆ 14 ಎಂದು ಬರೆದು, ಸಹಿ ಹಾಕಿಸಿಕೊಂಡು, ‘ಕೊನೆಗೆ ನೋವಿತ್ತಾ?’ ಎಂದು ಕೇಳಿದರು. ಇರಲಿಲ್ಲ ಸಿಸ್ಟರ್ ಎಂದ ಮಗ. ಅವರು ಅದನ್ನೂ ಬರೆದುಕೊಂಡರು.